ಸೋಮನಾಥಪುರಕ್ಕೆ ಹೋದ ಹಲಸಿನ ಹಣ್ಣು

ಮಾವು, ಸೀಬೆ, ಸಪೋಟ ಇವೆಲ್ಲ ಹೇಳಿದ ಮಾತು ಕೇಳುವ ಹಣ್ಣುಗಳು. ಕೈಚೀಲಕ್ಕೆ ಹಾಕಿಕೊಂಡು ನೆಂಟರ ಮನೆಗೆ ಹೋಗಬಹುದು; ನೆಂಟರ ಮೇಲೆ ಮನಸ್ಸು ಮುರಿದರೆ ದಾರಿಯಲ್ಲೇ ತಿಂದು ಮುಗಿಸಬಹುದು. ಹಲಸು ಹಾಗಲ್ಲ. ಅದನ್ನು ಒಬ್ಬರೇ ಇಳಿಸಲಾರರು, ಒಬ್ಬರೇ ಹೊರಲಾರರು, ಒಬ್ಬರೇ ತಿಂದು ಮುಗಿಸಲಾರರು. ನಂಜನಗೂಡಿನ ನಮ್ಮ ಮನೆಯ ಹಿತ್ತಿಲಲ್ಲಿ ಅಪ್ಪ ನೆಟ್ಟ ಒಂದು ಹಲಸಿನ ಮರವಿದೆ. ರಸಬಾಳೆಯ ಊರಿನಲ್ಲಿ ಹುಟ್ಟಿ ಹಲಸನ್ನು ಹೊಗಳುವುದು ಊರಿಗೆ ಮಾಡುವ ದ್ರೋಹ ಎಂದು ನನ್ನ ಗೆಳೆಯರು ಹೇಳುತ್ತಾರೆ. ಅವರೂ ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬಂದರೆ ಸೀದಾ ಹಿತ್ತಿಲಿಗೇ ನಡೆಯುತ್ತಾರೆ.

ಈಗ ಹೇಳಹೊರಟಿರುವುದು ತೊಂಬತ್ತರ ದಶಕದ ಮಾತು. ಆ ವರ್ಷ ಮರ ಯಾಕೋ ಮುನಿಸಿಕೊಂಡಿತ್ತು. ಪುಡಿ ಕಾಯಿಗಳೆಲ್ಲ ಉದುರಿ, ಬುಡದ ಹತ್ತಿರ ಒಂದೇ ಒಂದು ದೊಡ್ಡ ಹಣ್ಣು ಉಳಿದಿತ್ತು. ಅದು ಯಾರಿಗೆ ಎಂಬ ಪ್ರಶ್ನೆಯೇ ಇರಲಿಲ್ಲ. ನನ್ನ ಅವ್ವ ಅದನ್ನು ಟಿ. ನರಸೀಪುರದಲ್ಲಿರುವ ತನ್ನ ಮಗಳಿಗೆ, ಅಂದರೆ ನನ್ನ ಅಕ್ಕನಿಗೆ, ಹೂವಾಗಿದ್ದಾಗಲೇ ಗೊತ್ತುಮಾಡಿಬಿಟ್ಟಿದ್ದಳು. ಕಾರಣವಿತ್ತು. ಪ್ರತಿ ವರ್ಷ ಹಲಸಿನ ಕಾಲಕ್ಕೆ ತವರಿಗೆ ಬಂದು, ಮರದ ಕೆಳಗೆ ಚಾಪೆ ಹಾಸಿಕೊಂಡು ಕೂರುತ್ತಿದ್ದ ಅಕ್ಕ ಎರಡು ವರ್ಷದಿಂದ ಬಂದಿರಲಿಲ್ಲ. ದೀಪಾವಳಿಗೆ ಬರುತ್ತಾಳೆ, ಮದುವೆ ಮುಂಜಿಗೆ ಬರುತ್ತಾಳೆ. ಹಲಸಿನ ಕಾಲಕ್ಕೆ ಮಾತ್ರ ಏನಾದರೊಂದು ನೆಪ. ಅವಳಿಗೆ ನಮ್ಮ ಮೇಲೆ ಕೋಪ ಎಂದು ಅವ್ವ ತೀರ್ಮಾನಿಸಿದ್ದಳು. ಯಾಕೆ ಕೋಪ ಎಂಬುದನ್ನು ನಾನೂ ನನ್ನ ಹೆಂಡತಿ ಗಿರಿಜಳೂ ಬಾಯಿಬಿಟ್ಟು ಹೇಳಿಕೊಳ್ಳದಿದ್ದರೂ ಇಬ್ಬರಿಗೂ ಗೊತ್ತಿತ್ತು. ಅಕ್ಕ ಬರುವುದನ್ನು ನಿಲ್ಲಿಸುವ ಮುಂಚಿನ ವರ್ಷ ಮರದ ಅತಿ ದೊಡ್ಡ ಹಣ್ಣು ಗಿರಿಜಳ ತವರಾದ ಬಿಳಿಗೆರೆಗೆ ಹೋಗಿತ್ತು. ಆ ಸುದ್ದಿ ಹೇಗೋ ನರಸೀಪುರ ಮುಟ್ಟಿದೆ ಎಂದು ನಾವು ನಂಬಿದ್ದೆವು.

"ನನ್ನ ಮಂಡಿ ಸರಿಯಿದ್ದಿದ್ರೆ ನಾನೇ ಹೋಗ್ತಿದ್ದೆ. ನೀನೇ ಎತ್ಕೊಂಡು ಹೋಗಿ ಅವಳ ಕೈಗೆ ಕೊಟ್ಟು ಬಾ" ಎಂದಳು ಅವ್ವ.

ನಂಜನಗೂಡಿನಿಂದ ನರಸೀಪುರಕ್ಕೆ ನೇರ ಬಸ್ಸಿದೆ. ಹೋಗಿ, ಹಣ್ಣು ಕೊಟ್ಟು, ಊಟ ಮಾಡಿ ಬಂದಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಸೋಮನಾಥಪುರದ ದೇವಸ್ಥಾನ ತೋರಿಸಿ ಎಂದು ಮಕ್ಕಳಿಬ್ಬರು ಬಹಳ ದಿನದಿಂದ ಪ್ರಾಣ ತಿನ್ನುತ್ತಿದ್ದರು. ನನ್ನದು ಬಜಾರಿನಲ್ಲಿ ಒಂದು ಸ್ಟೀಲ್ ಪಾತ್ರೆ ಅಂಗಡಿ. ವಾರಕ್ಕೊಂದು ರಜೆ ಸಿಕ್ಕರೆ ಅದೂ ಯಾರದಾದರೂ ಮದುವೆಗೆ ಹೋಗುತ್ತದೆ. ಹಾಗಾಗಿ ಒಂದೇ ರಜೆಯಲ್ಲಿ ಎರಡೂ ಕೆಲಸ ಮುಗಿಸುವ ಉಪಾಯ ಹೂಡಿದೆ. ಮೊದಲು ನರಸೀಪುರಕ್ಕೆ ಹೋದರೆ ಅಕ್ಕ ಕೈಹಿಡಿದು ಕೂರಿಸಿಬಿಡುತ್ತಾಳೆ, ಸೋಮನಾಥಪುರ ತಪ್ಪಿಹೋಗುತ್ತದೆ. ಆದ್ದರಿಂದ ಮೈಸೂರಿಗೆ ಹೋಗಿ, ಬನ್ನೂರಿನ ಮೇಲೆ ಸೋಮನಾಥಪುರ ನೋಡಿಕೊಂಡು, ಆಮೇಲೆ ನರಸೀಪುರಕ್ಕೆ ಇಳಿಯುವುದು. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಅಂದರೆ ಇದೇ ಎಂದು ಗಿರಿಜ ಹೇಳಿದಳು. ಹಣ್ಣು ಅಷ್ಟು ಸುತ್ತು ತಡೆಯುತ್ತದೆಯೇ ಎಂದೂ ಕೇಳಿದಳು. ನಿನ್ನೆ ತಟ್ಟಿ ನೋಡಿದ್ದೇನೆ, ಇನ್ನೂ ಎರಡು ದಿನ ಬೇಕು ಎಂದೆ. ಪಾತ್ರೆಯನ್ನು ತಟ್ಟಿ ಅದು ಎಷ್ಟು ದಪ್ಪ ಎಂದು ಹೇಳಬಲ್ಲೆ. ಹಲಸೂ ಹಾಗೆಯೇ ಎಂದು ಭ್ರಮಿಸಿದ್ದೆ.

ಹಣ್ಣನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಗೋಣಿಚೀಲಕ್ಕಿಳಿಸಿ ಹೊರಟೆವು. ಮೈಸೂರಿನವರೆಗೆ ಅದು ಸುಮ್ಮನಿತ್ತು. ಬನ್ನೂರಿನ ಬಸ್ಸಿನಲ್ಲಿ ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೇ ತಪ್ಪಾಯಿತೋ ಏನೋ, ಕೆಳಗಿನ ತಗಡು ಕಾದು, ಅರ್ಧ ದಾರಿಗೇ ಘಮ್ಮೆಂದು ವಾಸನೆ ಎದ್ದಿತು. ಮುಂದಿದ್ದವರು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ ನೋಡತೊಡಗಿದರು. ಕಂಡಕ್ಟರು ನನ್ನ ಹತ್ತಿರ ಬಂದು, ಇಷ್ಟು ಜನರನ್ನು ಕರೆಯುತ್ತಿರುವ ಆಸಾಮಿಗೆ ಟಿಕೆಟ್ ತೆಗೆದುಕೊಂಡಿದ್ದೀರಾ ಎಂದು ಕೇಳಿದ. ಪಕ್ಕದಲ್ಲಿದ್ದ ಯಜಮಾನರೊಬ್ಬರು ಮೂಗಿನಲ್ಲೇ ಪರೀಕ್ಷೆ ಮಾಡಿ, ಇದು ಕೆಂಪು ತೊಳೆಯ ಹಣ್ಣು, ಇವತ್ತು ಸಂಜೆ ದಾಟುವುದಿಲ್ಲ ಎಂದು ತೀರ್ಪು ಕೊಟ್ಟರು. ಗಿರಿಜ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಕುಳಿತಿದ್ದಳು. ಅವಳು ಗದ್ದೆಯನ್ನು ಅಷ್ಟು ಶ್ರದ್ಧೆಯಿಂದ ನೋಡಿದರೆ ನನ್ನ ಮೇಲೆ ಏನೋ ಇದೆ ಎಂದರ್ಥ.

ಸೋಮನಾಥಪುರದ ಗೇಟಿನಲ್ಲಿ ಕಾವಲಿನವನು ಗೋಣಿಚೀಲ ನೋಡಿ ಕೈ ಅಡ್ಡ ಹಿಡಿದ. ತಿನ್ನುವ ಪದಾರ್ಥ ಒಳಗೆ ಬಿಡುವುದಿಲ್ಲ ಎಂದ. ಅವನು ಹೇಳಿದ್ದು ನ್ಯಾಯವೇ. ಅಷ್ಟು ಚೆಂದದ ಗುಡಿಯೊಳಗೆ ಹಲಸಿನ ಅಂಟು ಮೆತ್ತಿದರೆ ಯಾರು ತೊಳೆಯಬೇಕು? ಕೊನೆಗೆ ಗಿರಿಜ ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗುವುದು, ನಾನು ಹೊರಗೆ ಹಣ್ಣು ಕಾಯುವುದು, ಆಮೇಲೆ ಪಾಳಿ ಬದಲಾಯಿಸುವುದು ಎಂದು ನಿಶ್ಚಯವಾಯಿತು.

ಹೊರಗೆ ಮರದ ನೆರಳಿನಲ್ಲಿ ಒಬ್ಬಾಕೆ ಎಳನೀರು ಮಾರುತ್ತಿದ್ದಳು. ಅವಳ ಪಕ್ಕದಲ್ಲಿ ಚೀಲ ಇಳಿಸಿ ಕೂತೆ. ಹಣ್ಣಿಗೆ ಗಾಳಿಯಾಡಲಿ ಎಂದು ಗೋಣಿಯ ಬಾಯಿ ಬಿಚ್ಚಿದರೆ, ಅದು ಒಂದು ಪಕ್ಕಕ್ಕೆ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಕೆಂಪಗೆ ತೊಳೆ ಕಾಣುತ್ತಿತ್ತು. ಇನ್ನೇನು, ಬಂದವರೆಲ್ಲ ನನ್ನನ್ನೇ ಕೇಳತೊಡಗಿದರು: ಹೆಂಗೆ ಕೊಡ್ತೀರ, ಇಡೀ ಹಣ್ಣೇ ತಗೊಂಡರೆ ಹೆಂಗೆ, ನಿನ್ನೆಯದಾ ಇವತ್ತಿನದಾ. ಇದು ಮಾರಾಟಕ್ಕಲ್ಲ ಎಂದರೆ ದರ ಏರಿಸಲು ಹಾಗೆನ್ನುತ್ತೇನೆ ಎಂದು ತಿಳಿದು ನಕ್ಕರು. ವಾರವಿಡೀ ಪಾತ್ರೆಗಳ ಹಿಂದೆ ಕೂತು ಚೌಕಾಸಿ ಕೇಳುವವನು, ಇದ್ದೊಂದು ರಜೆಯಲ್ಲೂ ಸರಕಿನ ಹಿಂದೆ ಕೂತು ಅದನ್ನೇ ಕೇಳುತ್ತಿದ್ದೆ.

ಆಗ ಒಬ್ಬ ತಾಯಿ, ಮಗಳು ಬಂದರು. ಮಗಳು ತುಂಬಿದ ಬಸುರಿ. ಕೈತುಂಬ ಹಸಿರು ಬಳೆ. ಆಕೆ ಏನೂ ಕೇಳಲಿಲ್ಲ. ಹಣ್ಣನ್ನೊಮ್ಮೆ ನೋಡಿ, ನೋಡಬಾರದ್ದು ನೋಡಿದೆನೇನೋ ಎಂಬಂತೆ ಮುಖ ತಿರುಗಿಸಿ ಮುಂದೆ ಹೋದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. ತಾಯಿ ಹಿಂದಿರುಗಿ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಮಾರಕ್ಕಲ್ಲ ಅಂತ ಕೇಳುಸ್ಕೊಂಡೆ ಸಾ. ನಮ್ ಎಣ್ಣು ಬಸ್ರಿ. ಮೂರು ದಿನದಿಂದ ಅಲಸಿನಣ್ಣು ಅಂತಾವ್ಳೆ. ಒಂದೆರಡು ತೊಳೆ ಕೊಟ್ರೆ ನಿಮ್ಗೆ ಪುಣ್ಯ ಬತ್ತದೆ."

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನಾನು ಇಂಥದನ್ನೆಲ್ಲ ನಂಬುವವನಲ್ಲ. ಆದರೆ ನಂಬದವನ ಮನಸ್ಸಿಗೂ ಒಂದು ಪುಟ್ಟ ಸೋರುವ ಕಿವಿ ಕಾಣಿಸಿಬಿಟ್ಟರೆ ಏನು ಮಾಡುವುದು? ಎಳನೀರಿನಾಕೆ ಕೇಳುವ ಮೊದಲೇ ಮಚ್ಚು ಮುಂದೆ ನೂಕಿದಳು. ಆ ತಾಯಿ ಚೀಲದಿಂದ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ನನ್ನ ಅಂಗೈಗೆ ಸುರಿದರು. ಬಿರುಕು ಬಿಟ್ಟ ಕಡೆ ಒಂದು ಚೂರು ಸೀಳಿ, ಎರಡು ತೊಳೆ ಕೊಟ್ಟು, ಮತ್ತೆ ಮುಚ್ಚಿಬಿಡುವುದು ನನ್ನ ಲೆಕ್ಕ.

ಹಲಸನ್ನು ಮುಚ್ಚಲು ಬರುವುದಿಲ್ಲ. ಮಚ್ಚು ಇಟ್ಟ ಕೂಡಲೇ ಹಣ್ಣು ತಾನಾಗಿ ಎರಡು ಹೋಳಾಯಿತು. ಹುಡುಗಿ ನಾಚುತ್ತ ಬಂದು ಕೂತಳು. ಮೊದಲ ತೊಳೆ ಬಾಯಿಗಿಟ್ಟಾಗ ಅವಳ ಮುಖ ನೋಡಿದವರು ಯಾರೂ ಎರಡಕ್ಕೇ ನಿಲ್ಲಿಸುತ್ತಿರಲಿಲ್ಲ. ಎಳನೀರಿನಾಕೆಗೆ ಕೊಡದಿದ್ದರೆ ಆದೀತೇ? ಮಚ್ಚು ಅವಳದು. ಗೇಟಿನ ಕಾವಲಿನವನು ಬಂದ. ಅವನ ಹಿಂದೆ, ದರ ಕೇಳಿ ಹೋಗಿದ್ದವರೆಲ್ಲ ಬಂದರು. ಕೊಡುವ ಕೈಗೆ ಒಮ್ಮೆ ರುಚಿ ಹತ್ತಿದರೆ ತಡೆಯುವುದು ಕಷ್ಟ. ಹಣ ತೆಗೆದುಕೊಳ್ಳದೆ ಏನನ್ನಾದರೂ ಕೊಟ್ಟು ನನಗೂ ಅಭ್ಯಾಸವಿರಲಿಲ್ಲ. ಅದು ಇಷ್ಟು ಸೊಗಸಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ಗಿರಿಜ ಹೊರಗೆ ಬಂದಾಗ ನಾನು ಮೊಳಕೈವರೆಗೆ ಎಣ್ಣೆ ಮೆತ್ತಿಕೊಂಡು ಗುಂಪಿನ ನಡುವೆ ಕೂತಿದ್ದೆ. ಗುಡಿ ನಕ್ಷತ್ರದ ಹಾಗಿದೆ, ಸುತ್ತಲೂ ಆನೆಗಳ ಸಾಲಿದೆ ಎಂದು ಮಕ್ಕಳು ಹೇಳುತ್ತಿದ್ದರು. ಗಿರಿಜ ಉಳಿದಿದ್ದ ಅರ್ಧ ಹಣ್ಣನ್ನು ನೋಡಿ, ಮೆಲ್ಲಗೆ, "ಅದು ಅತ್ತಿಗೆಯವರ ಹಣ್ಣು" ಎಂದಳು. ಅಷ್ಟೇ. ಪಾಳಿಯ ಮಾತು ನಾನೂ ಎತ್ತಲಿಲ್ಲ. ಉಳಿದ ಹೋಳನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ನರಸೀಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಗಿರಿಜ ಗದ್ದೆ ನೋಡಿದಳು. ನಾನು ಅಕ್ಕನಿಗೆ ಏನು ಹೇಳುವುದೆಂದು ಯೋಚಿಸಿದೆ. ಎರಡು ವರ್ಷದ ಕೋಪ ಇಳಿಸಲು ಹೊರಟವನು ಅರ್ಧ ಹಣ್ಣು ಹಿಡಿದು ಬಾಗಿಲಲ್ಲಿ ನಿಂತರೆ, ಅದಕ್ಕಿಂತ ಬರಿಗೈಯಲ್ಲಿ ಹೋಗುವುದೇ ವಾಸಿ.

ಅವ್ವ ಮೊದಲೇ ಕಾಗದ ಬರೆಸಿದ್ದರಿಂದ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಬಾಳೆಲೆಯ ಗಂಟು ನೋಡಿದಳು. ನಾನು ನಡೆದದ್ದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ಆ ಹುಡುಗಿಗೆ ಎಷ್ಟು ತಿಂಗಳು, ಹೊಟ್ಟೆ ತುಂಬ ತಿಂದಳೋ ಇಲ್ಲವೋ ಎಂದು ವಿಚಾರಿಸಿ ಒಳಗೆ ಹೋದಳು. ಇದು ಕೋಪವೋ ಸಮಾಧಾನವೋ ತಿಳಿಯದೆ ನಾನು ಅಡುಗೆಮನೆಗೆ ಹಿಂಬಾಲಿಸಿದೆ. ಬಿಳಿಗೆರೆಗೆ ಹಣ್ಣು ಕಳಿಸಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ, ಗಿರಿಜಳದೇನೂ ತಪ್ಪಿಲ್ಲ, ಕಳಿಸಿದ್ದು ನಾನೇ ಎಂದೆ.

"ಬಿಳಿಗೆರೆಗೆ ಯಾವ ಹಣ್ಣು ಕಳಿಸಿದ್ದೆ?" ಎಂದಳು ಅಕ್ಕ.

ಅವಳಿಗೆ ಆ ವಿಷಯವೇ ಗೊತ್ತಿರಲಿಲ್ಲ. ನಾನೇ ಮೈಸೂರು ಸುತ್ತಿ ಬಂದು ಅದನ್ನು ತಿಳಿಸಿದ್ದೆ. ಅವಳು ನನ್ನ ಮುಖ ನೋಡಿ ನಗತೊಡಗಿದಳು. ನಕ್ಕು ಮುಗಿದ ಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನಂಗೆ ಸಕ್ಕರೆ ಕಾಯ್ಲೆ ಬಂದದೆ ಕಣೋ. ಎರಡು ವರ್ಸ ಆಯ್ತು. ಆ ಮರದ ಕೆಳಗೆ ಕೂತು ಒಂದೆರಡು ತೊಳೆ ತಿಂದು ಎದ್ದುಬಿಡೋಕೆ ನನ್ನ ಕೈಲಿ ಆಯ್ತದಾ? ಅದಕ್ಕೇ ಬರ್ಲಿಲ್ಲ. ಅವ್ವಂಗೆ ಹೇಳ್ಬೇಡ, ಊಟ ಬಿಟ್ಟು ಕೂತ್ಕತಾಳೆ."

ಇಡೀ ಹಣ್ಣು ಬರುತ್ತದೆಂದು ಬೆಳಿಗ್ಗೆಯಿಂದ ಅವಳಿಗೆ ಎದೆ ಹೊಡೆದುಕೊಳ್ಳುತ್ತಿತ್ತಂತೆ. ಅರ್ಧವೇ ಬಂದದ್ದು ಶಿವನ ದಯೆ ಎಂದಳು. ಊಟವಾದ ಮೇಲೆ ಭಾವ ತಟ್ಟೆಯಲ್ಲಿ ತೊಳೆ ಬಿಡಿಸಿಟ್ಟರು. ಅಕ್ಕ ಒಂದು ತಿಂದಳು. ಕಣ್ಣು ಮುಚ್ಚಿಕೊಂಡು ಇನ್ನೊಂದು ತಿಂದಳು. ಭಾವ ತಟ್ಟೆಯನ್ನು ಮಕ್ಕಳ ಕಡೆ ಸರಿಸಿದರು. ಗೌರಿ ಹಬ್ಬಕ್ಕೆ ಖಂಡಿತ ಬರುತ್ತೇನೆ ಎಂದು ಅಕ್ಕ ಬಸ್ ಸ್ಟಾಂಡಿನವರೆಗೂ ಬಂದು ಮಾತು ಕೊಟ್ಟಳು. ವಾಪಸ್ಸು ಬರುವಾಗ ಗಿರಿಜ ಗದ್ದೆ ನೋಡಲಿಲ್ಲ. ನನ್ನ ಹೆಗಲಿಗೊರಗಿ ನಿದ್ದೆ ಹೋದಳು.

ಸಂಜೆ ಜಗಲಿಯ ಮೇಲೆ ಅವ್ವ ಕಾದು ಕೂತಿದ್ದಳು. ಅಕ್ಕನಿಗೆ ಕೋಪವೇನೂ ಇಲ್ಲ, ಗೌರಿ ಹಬ್ಬಕ್ಕೆ ಬರುತ್ತಾಳೆ ಎಂದು ಹೇಳಿ ಒಳಗೆ ನುಸುಳಲು ನೋಡಿದೆ. ಅವ್ವ ಬಿಡಲಿಲ್ಲ. ಹಣ್ಣು ತಿಂದಳಾ ಎಂದಳು. ತಿಂದಳು ಎಂದೆ. ಎಷ್ಟು ತೊಳೆ ಎಂದಳು. ಎರಡು ಎಂದು ಬಾಯಿಗೆ ಬಂತು. ನಾನು ಸುಳ್ಳು ಹೇಳುವ ಮೊದಲು ಯೋಚಿಸುವವನು. ಅಂದು ಯೋಚಿಸಲು ಹೊತ್ತು ಸಿಗಲಿಲ್ಲ.

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಿಮ್ಮಪ್ಪನೂ ಹಿಂಗೇ ಎರಡಕ್ಕೆ ಎದ್ದುಬಿಡೋರು. ಅವಳಿಗೂ ಬಂತು ಅನ್ನು" ಎಂದಳು. ಆಮೇಲೆ ಗಿರಿಜಳ ಕಡೆ ತಿರುಗಿ, ಹಬ್ಬಕ್ಕೆ ಈ ಸಲ ಒಬ್ಬಟ್ಟು ಮಾಡುವುದು ಬೇಡ, ಯಾಕೆಂದು ಅಕ್ಕನಿಗೆ ಹೇಳುವುದೂ ಬೇಡ ಎಂದಳು. ಊಟ ಬಿಟ್ಟು ಕೂರಲಿಲ್ಲ. ನಮ್ಮೆಲ್ಲರಿಗಿಂತ ಗಟ್ಟಿ ಜೀವ ಅದು.

ನನಗೆ ನಿರಾಳವಾಗಿ, ಕಾಲು ತೊಳೆಯಲು ಹೊರಟೆ. ಅವ್ವ ಮತ್ತೆ ಕರೆದಳು. ನೀನೆಷ್ಟು ತಿಂದೆ ಎಂದು ಕೇಳಿದಳು.

ನಿಂತು ನೆನಪು ಮಾಡಿಕೊಂಡೆ. ಬಸುರಿಗೆ ಕೊಟ್ಟಿದ್ದೆ, ಎಳನೀರಿನವಳಿಗೆ ಕೊಟ್ಟಿದ್ದೆ, ಕಾವಲಿನವನಿಗೆ ಕೊಟ್ಟಿದ್ದೆ, ಗುರುತು ಪರಿಚಯವಿಲ್ಲದವರಿಗೆಲ್ಲ ಕರೆದು ಕೊಟ್ಟಿದ್ದೆ. ಅಕ್ಕನ ಮನೆಯಲ್ಲಿ ತಟ್ಟೆ ಮಕ್ಕಳ ಪಾಲಾಗಿತ್ತು. ಒಂದೂ ಇಲ್ಲವ್ವ ಎಂದೆ.

ಅವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನಿಂಗೂನಾ?" ಎಂದಳು.

ಮರುದಿನದಿಂದ ನನ್ನ ಲೋಟದ ಕಾಫಿಗೆ ಸಕ್ಕರೆ ನಿಂತಿತು. ಡಾಕ್ಟರ ಹತ್ತಿರ ರಕ್ತ ಕೊಟ್ಟು, ಏನೂ ಇಲ್ಲವೆಂದು ಹೇಳಿಸಿಕೊಂಡು ಬಂದೆ. ಅವ್ವ ನಂಬಲಿಲ್ಲ, ನಿನ್ನಕ್ಕನೂ ಹೀಗೇ ಬಚ್ಚಿಟ್ಟವಳಲ್ಲವೇ ಎಂದಳು. ಆ ಮಳೆಗಾಲ ಪೂರ್ತಿ ನಾನು ಅಂಗಡಿಯ ಪಕ್ಕದ ಹೋಟೆಲಿನ ಮೂಲೆಯಲ್ಲಿ, ಬೀದಿಗೆ ಬೆನ್ನು ಹಾಕಿ ಕೂತು, ಎರಡು ಚಮಚ ಸಕ್ಕರೆ ಹಾಕಿಸಿಕೊಂಡು ಕಾಫಿ ಕುಡಿದೆ. ಸುದ್ದಿ ಅವ್ವನ ಕಿವಿಗೆ ಬೀಳಲು ವಾರವೂ ಹಿಡಿಯಲಿಲ್ಲ. ಅವಳಿಗೆ ಇದ್ದ ಒಂದಿಷ್ಟು ಅನುಮಾನವೂ ಅಂದೇ ಹೋಯಿತು. ಕಾಯಿಲೆ ಇಲ್ಲದವನು ಕದ್ದು ಯಾಕೆ ಕುಡಿಯುತ್ತಾನೆ?