ಷಡ್ಡಕರ ಪ್ರಿಂಟರಿನ ಮಂಜು

ನನ್ನ ಷಡ್ಡಕರು ಆಕಾಶಕ್ಕೆ ರಾಕೆಟ್ ಏರಿಸಬಲ್ಲರು; ಆದರೆ ಅಂಗಡಿಯಿಂದ ಮನೆಯ ಮೇಜಿನ ಮೇಲಕ್ಕೆ ಒಂದು ಪ್ರಿಂಟರ್ ಏರಿಸಲಾರರು! ಇದು ನಿಂದೆಯಲ್ಲ. ಅವರು ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ, ಆದ್ದರಿಂದ ಮೊದಲನೆಯದಕ್ಕೆ ಸರ್ಕಾರವೇ ಸಾಕ್ಷಿ. ಎರಡನೆಯದಕ್ಕೆ ನಾನು.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನಾವಿಬ್ಬರೂ ಒಂದೇ ಮಾವನ ಮನೆಯಲ್ಲಿ ಒಂದೇ ಬಗೆಯ ಮೌನವನ್ನು ಕಲಿತು ಬಂದವರು. ನಾನು ಅವರನ್ನು ಭಾವ ಎನ್ನುತ್ತೇನೆ; ಅವರು ನನ್ನನ್ನು ಕೊನೆಗೊಂದು ‘ಅಯ್ಯಾ’ ಸೇರಿಸಿ ಏನು ಬೇಕಾದರೂ ಎನ್ನುತ್ತಾರೆ. ಮೈಸೂರಿನವರಾದ ನಮ್ಮಿಬ್ಬರನ್ನೂ ನೌಕರಿ ಕೇರಳಕ್ಕೆ ತಂದು ಹಾಕಿತ್ತು: ಅವರನ್ನು ತಿರುವನಂತಪುರಕ್ಕೆ, ನನ್ನನ್ನು ಕೊಚ್ಚಿಯ ಬ್ಯಾಂಕಿಗೆ.

ಭಾವನವರಿಗೆ ಫೋಟೋ ತೆಗೆಯುವ ಹುಚ್ಚು. ತಿರುವನಂತಪುರದ ಉಳ್ಳೂರಿನಲ್ಲಿದ್ದ ಅವರ ಮನೆಯ ಬಚ್ಚಲೇ ಕತ್ತಲೆ ಕೋಣೆ. ಅಕ್ಕ ಸ್ನಾನ ಮಾಡಬೇಕಾದರೆ ಹಿಂದಿನ ದಿನವೇ ಅಪ್ಪಣೆ ಪಡೆಯಬೇಕಿತ್ತು! ಹಾಗಿರುವಾಗ, ತೊಂಬತ್ತರ ದಶಕದ ಕೊನೆಯಲ್ಲಿ, ಮಾಮೂಲಿ ಹಾಳೆಯ ಎರಡರಷ್ಟು ದೊಡ್ಡ ಫೋಟೋ ಮುದ್ರಿಸುವ ಇಂಕ್‌ಜೆಟ್ ಪ್ರಿಂಟರುಗಳು ಎರ್ನಾಕುಳಂನ ಅಂಗಡಿಗಳಿಗೆ ಬಂದವು. ಬಚ್ಚಲಿಗೆ ಬಿಡುಗಡೆಯಾಗುತ್ತದೆಂದು ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದರು. ಪಾಪ, ಆರಿಸುವವರು ಯಾರೆಂಬುದನ್ನು ಅವರು ಮರೆತಿದ್ದರು!

ನಾವು ನೀವು ಪ್ರಿಂಟರನ್ನು ಹೇಗೆ ಆರಿಸುತ್ತೇವೆ? ಬೆಲೆ ಕೇಳಿ, ಮೂರ್ಛೆ ಹೋಗಿ, ಎದ್ದು, ಅದಕ್ಕಿಂತ ಚಿಕ್ಕದನ್ನು ತರುತ್ತೇವೆ. ಭಾವನವರದು ಹಾಗಲ್ಲ. ಮುದ್ರಿಸಿದ ಫೋಟೋದ ಮೇಲೆ ಎಂಜಲು ಹೆಬ್ಬೆರಳು ತಿಕ್ಕಿ ಬಣ್ಣ ಕದಡುತ್ತದೆಯೇ ಎಂದು ನೋಡಬೇಕು. ಅರ್ಧ ಮುಚ್ಚಿ ಅರ್ಧ ತೆರೆದು ಬಿಸಿಲಿಗೆ ಅಂಟಿಸಬೇಕು, ಅದೂ ನಮ್ಮ ಮನೆಯ ಕಿಟಕಿಗೆ! ಬಣ್ಣಗಳೆಲ್ಲ ಒಂದೇ ಡಬ್ಬಿಯಲ್ಲಿರುವ ಪ್ರಿಂಟರನ್ನಂತೂ ಅವರು ಮುಟ್ಟಲೂ ಇಲ್ಲ. “ನೀಲಿ ಮುಗಿದರೆ ಹಳದಿಯನ್ನೂ ಎಸೀಬೇಕಂತೆ! ಸಾರಿಗೆ ಉಪ್ಪಿಲ್ಲ ಅಂತ ಬೇಳೇನೂ ಚರಂಡಿಗೆ ಸುರೀತೀಯೇನಯ್ಯಾ?”

ನಾನು ಹುಟ್ಟಾ ಚಿಂತೆಗಾರ. ಕೊಳ್ಳುವುದು ಅವರಾದರೂ ನಿದ್ದೆ ಕೆಡುವುದು ನನಗೆ. “ಭಾವ, ವಾರಗಟ್ಟಲೆ ಮುದ್ರಿಸದಿದ್ದರೆ ಶಾಯಿ ಒಣಗಿ ತೂತು ಕಟ್ಟಿಕೊಳ್ಳತ್ತಂತಲ್ಲ?” ಎಂದೆ.

“ಈ ಊರಲ್ಲಿ ಒಗೆದ ಬನಿಯನ್ನೇ ಒಣಗಲ್ಲ, ಶಾಯಿ ಒಣಗತ್ತೇನಯ್ಯಾ!”

ಪರೀಕ್ಷೆಗೆ ಅವರು ಎಲ್ಲ ಕಡೆಗೂ ಒಯ್ಯುತ್ತಿದ್ದದ್ದು ಒಂದೇ ಚಿತ್ರ. ವಲ್ಲಾರ್ಪಾಡಂ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಅಕ್ಕ, ಹಳದಿ ಸೀರೆಯುಟ್ಟು, ಗಾಳಿಗೆ ಹಾರುವ ಸೆರಗನ್ನು ಹಿಡಿಯಲು ಹೋಗಿ ನಗುತ್ತಿರುವುದು. ಹಳೆಯ ಫೋಟೋ. ಅದನ್ನು ಯಾರಿಂದಲೋ ಸ್ಕ್ಯಾನ್ ಮಾಡಿಸಿ ಸಿ.ಡಿ.ಗೆ ಹಾಕಿಸಿ, ಆ ಸಿ.ಡಿ.ಯನ್ನು ಕೈಗೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಕೊಚ್ಚಿಗೆ ಬಂದರು.

ಅಂಗಡಿಯವನು ಪ್ರಿಂಟ್ ತೆಗೆದ. ನನಗೇನೋ ಅಕ್ಕ ಆ ಕಾಗದದಿಂದ ಎದ್ದು ಬಂದು “ಕಾಫಿ ಆಯ್ತಾ?” ಎಂದು ಕೇಳುತ್ತಾರೇನೋ ಅನ್ನಿಸಿತು. ಭಾವ ಮಾತ್ರ ಹಾಳೆಯನ್ನು ಮೂಗಿಗೆ ತಾಗುವಂತೆ ಹಿಡಿದು, ಕನ್ನಡಕ ತೆಗೆದು, ಒರೆಸಿ, ಹಾಕಿ, ತಲೆಯಾಡಿಸಿದರು. “ಮಂಜು ಕಣಯ್ಯಾ. ಎಲ್ಲ ಮಂಜು ಮಂಜು.”

ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡವನ್ನು ಮೂಗಿನಲ್ಲಿ ಆಡಿದರೆ ಮಲಯಾಳವಾಗುತ್ತದೆ ಎಂಬುದು ಭಾವನವರ ಸಿದ್ಧಾಂತ. ಇಪ್ಪತ್ತು ವರ್ಷ ಆ ಊರಿನಲ್ಲಿದ್ದು ಅವರು ಕಲಿತದ್ದು ಅಷ್ಟೇ! ಅವರು ಅಂಗಡಿಯವನ ಕಡೆ ತಿರುಗಿ, ಮೂಗನ್ನು ಸಿದ್ಧಪಡಿಸಿಕೊಂಡು, “ಚೇಟ್ಟಾ, ಮಞ್ಞು ಕೂಡುತಲ್!” ಎಂದರು. ಮಂಜು ಜಾಸ್ತಿ, ಎಂದು ಅವರ ಅರ್ಥ.

“ಕುರಯ್ಕಾಂ ಸಾರೇ,” ಎಂದ ಅವನು. ಕಡಿಮೆ ಮಾಡೋಣ. ಮತ್ತೊಂದು ಪ್ರಿಂಟ್ ಬಂತು. ಅಕ್ಕನ ಸೀರೆ ಪೇಲವವಾಗಿತ್ತು.

“ಇನ್ನೂ ಇದೆ ಮಞ್ಞು!”

ಮೂರನೆಯದರಲ್ಲಿ ಅಕ್ಕನ ಕೆನ್ನೆಗೆ ನೀಲಿ ಏರಿತು. ನಾಲ್ಕನೆಯದರಲ್ಲಿ ಅವರ ಕೈಗೊಂದು ಕೊಳಲು ಕೊಟ್ಟಿದ್ದರೆ ಕ್ಯಾಲೆಂಡರಿಗೆ ಹಾಕಬಹುದಿತ್ತು! ಅಂಗಡಿಯವನು ಕೈಮುಗಿದ. “ಮಞ್ಞ ಇಲ್ಲ ಸಾರೇ! ಇನಿ ಕುರಯ್ಕಾನ್ ಮಞ್ಞಯೇ ಇಲ್ಲ!” ಕಡಿಮೆ ಮಾಡಲು ಇನ್ನು ಉಳಿದೇ ಇಲ್ಲವಂತೆ.

“ನೋಡಯ್ಯಾ, ಎದುರಿಗೇ ಕಾಣ್ತಿದೆ, ಇಲ್ಲವೇ ಇಲ್ಲ ಅಂತಾನೆ!” ಎಂದು ಭಾವ ಕೆರಳಿ ಹೊರಬಿದ್ದರು. ನಾನು ಅವರ ರೈಲು ತಪ್ಪೀತೆಂಬ ಚಿಂತೆಯಲ್ಲಿದ್ದುದರಿಂದ ಏನೂ ಹೊಳೆಯಲಿಲ್ಲ.

ಹೊಳೆದದ್ದು ನನ್ನ ಮಗಳಿಗೆ. ಕೊಚ್ಚಿಯಲ್ಲೇ ಬೆಳೆದ ಹುಡುಗಿ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಕಥೆ ಕೇಳಿದವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: “ಅಪ್ಪಾ, ಮಞ್ಞ ಅಂದ್ರೆ ಹಳದಿ! ದೊಡ್ಡಪ್ಪ ಮಂಜು ತೆಗಿ ಅಂದ್ರು, ಆ ಚೇಟ್ಟನ್ ಹಳದಿ ತೆಗೆದ!”

ನಾವೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಫೋನಿನಲ್ಲಿ ಅಕ್ಕ ನಕ್ಕರು, ಭಾವನವರೂ ನಕ್ಕರು. ನಾನು ಅಂಗಡಿಯಿಂದ ತಂದಿದ್ದ ಆ ಮೊದಲನೆಯ ಪ್ರಿಂಟನ್ನು ನನ್ನ ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಆದರೆ ಹಳದಿಯ ಗೊಂದಲ ಹಾಗಿರಲಿ, ಆ ಮೊದಲ ಪ್ರಿಂಟಿನಲ್ಲಿ ಭಾವನವರಿಗೆ ಕಂಡ ಮಂಜು ಎಲ್ಲಿಂದ ಬಂತು? ನಗುವಿನಲ್ಲಿ ಯಾರೂ ಇದನ್ನು ಕೇಳಲಿಲ್ಲ. ಚಿಂತೆಯನ್ನೇ ಕಸುಬು ಮಾಡಿಕೊಂಡ ನಾನೂ ಕೇಳಲಿಲ್ಲ!

ಆಮೇಲೆ ತಿರುವನಂತಪುರದ ಅಂಗಡಿಗಳ ಸರದಿ. ಅಲ್ಲೂ ಮಂಜು. ತಪ್ಪು ಕಾಗದದ್ದೆಂದರು ಭಾವ, ಸ್ಕ್ಯಾನರಿನದೆಂದರು, ಕೊನೆಗೆ ಸಮುದ್ರದ ಗಾಳಿಯದೆಂದರು. ಅಕ್ಕ ದೀಪಕ್ಕೆ ತುಪ್ಪ ಹಾಕುವುದನ್ನು ನಿಲ್ಲಿಸಿದರು.

ಏಪ್ರಿಲ್ ರಜೆಯಲ್ಲಿ ನಾವು ಉಳ್ಳೂರಿಗೆ ಹೋದಾಗ ಇನ್ನೊಂದು ಪ್ರಿಂಟರ್ ನೋಡಲು ಭಾವ ನನ್ನನ್ನು ಹೊರಡಿಸಿದರು. ಜಂಕ್ಷನ್ನಿನಲ್ಲಿ ನಿಂತಿದ್ದೆವು. ಬಸ್ಸು ಬಂದಾಗಲೆಲ್ಲ “ಎಲ್ಲಿಗಂತೆ ಕೇಳಯ್ಯಾ” ಎನ್ನುತ್ತಿದ್ದರು. ಅದೇನೂ ಹೊಸದಲ್ಲ, ಮಲಯಾಳದ ಬೋರ್ಡನ್ನು ಅವರು ಎಂದೂ ಓದಿದವರಲ್ಲ, ಯಾವಾಗಲೂ ಯಾರನ್ನಾದರೂ ಕೇಳುವವರೇ.

“ಭಾವ, ಇದರಲ್ಲಿ ಇಂಗ್ಲಿಷಿನಲ್ಲೂ ಬರೆದಿದೆಯಲ್ಲ, ಇಷ್ಟು ದೊಡ್ಡದಾಗಿ,” ಎಂದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. “ಮಂಜು ಕಣಯ್ಯಾ.”

ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ತಾರು ಕರಗಿ ಚಪ್ಪಲಿಗೆ ಅಂಟುತ್ತಿದೆ. ತಿರುವನಂತಪುರದಲ್ಲಿ ಮಂಜು!

ಬಸ್ಸು ಹೋಯಿತು. ಭಾವ ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಬಹಳ ಹೊತ್ತು ಒರೆಸಿದರು.

“ನಿನ್ನ ಅಕ್ಕನಿಗೆ ಹೇಳಬೇಡ,” ಎಂದರು ಕೊನೆಗೆ. “ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು. ಆಮೇಲೆ ಏನೂ ಕಾಣ್ತಿರಲಿಲ್ಲ. ಅದಕ್ಕೇ ದೊಡ್ಡ ಪ್ರಿಂಟರ್ ಹುಡುಕಿದ್ದು. ಅವಳ ಮುಖ ಅಷ್ಟು ದೊಡ್ಡದಾಗಿ ಎದುರಿಗಿದ್ದರೆ ಇನ್ನೊಂದಷ್ಟು ದಿನವಾದರೂ ಕಾಣತ್ತೆ ಅಂತ.”

ಜೀವಮಾನವಿಡೀ ಇಲ್ಲದ ಕಾರಣಗಳಿಗೆ ಹೆದರಿದ ನಾನು, ಎದುರಿಗೆ ನಿಜವಾದ ಕಾರಣ ನಿಂತಾಗ ಹೆದರುವುದನ್ನೇ ಮರೆತೆ. ಅವರ ಮೊಣಕೈ ಹಿಡಿದು ರಸ್ತೆ ದಾಟಿಸಿ, ಮೆಡಿಕಲ್ ಕಾಲೇಜಿನ ಹಾದಿಯಲ್ಲಿದ್ದ ಒಬ್ಬ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದೆ. ಡಾಕ್ಟರು ದೀಪ ಹಿಡಿದು ನೋಡಿ, ಎರಡು ಕಣ್ಣಿಗೂ ಪೊರೆ ಬಂದಿದೆ, ತೆಗೆಯಬಹುದು, ಇಷ್ಟು ದಿನ ಯಾಕೆ ಬರಲಿಲ್ಲ, ಎಂದರು.

“ಪ್ರಿಂಟರ್ ಆರಿಸ್ತಿದ್ದೆ,” ಎಂದರು ಭಾವ. ಡಾಕ್ಟರಿಗೆ ಅರ್ಥವಾಗಲಿಲ್ಲ.

ಶಸ್ತ್ರಚಿಕಿತ್ಸೆಯಾದ ಕಣ್ಣಿನ ಪಟ್ಟಿ ಬಿಚ್ಚಿದಾಗ ನಾವೆಲ್ಲ ಉಳ್ಳೂರಿನಲ್ಲಿದ್ದೆವು. ನನ್ನ ಹೆಂಡತಿ ಫ್ರಿಜ್ಜಿನ ಬಾಗಿಲಿನ ಆ ಪ್ರಿಂಟನ್ನು ಜೋಪಾನವಾಗಿ ತಂದಿದ್ದಳು. ಭಾವ ಅದನ್ನು ಹಿಡಿದು ನೋಡಿದರು. ಹಳದಿ ಸೀರೆ, ಹಾರುವ ಸೆರಗು, ನಗು. “ಮೊದಲನೇದೇ ಸರಿಯಾಗಿತ್ತಲ್ಲಯ್ಯಾ!” ಎಂದವರು, ಹಾಳೆಯಿಂದ ತಲೆಯೆತ್ತಿ, ಕಾಫಿ ಲೋಟ ಹಿಡಿದು ಎದುರಿಗೆ ನಿಂತಿದ್ದ ಅಕ್ಕನನ್ನು ನೋಡಿದರು. ನೋಡುತ್ತಲೇ ಇದ್ದರು.

“ತಲೆಯೆಲ್ಲ ನೆರೆತಿದೆಯಲ್ಲೇ! ಯಾವಾಗ?”

“ನೀವು ಪ್ರಿಂಟರ್ ಆರಿಸ್ತಿದ್ರಲ್ಲ, ಆವಾಗ,” ಎಂದರು ಅಕ್ಕ, ಕೆನ್ನೆಗೆ ಬಿದ್ದ ಕೂದಲನ್ನು ಸೆರಗಿನೊಳಗೆ ಸೇರಿಸುತ್ತಾ.

“ಸೇರಿಸಬೇಡ. ಹಾಗೇ ಇರಲಿ,” ಎಂದು ಭಾವ ಕ್ಯಾಮೆರಾಕ್ಕೆ ಕೈ ಚಾಚಿದರು.

ಕ್ಯಾಮೆರಾ ಎತ್ತಿ ಕೊಟ್ಟವನು ನಾನೇ. ಆದರೆ ಅವರು ಆ ಫೋಟೋ ತೆಗೆದದ್ದು ನನಗೆ ಸರಿಯಾಗಿ ಕಾಣಲಿಲ್ಲ. ಕಣ್ಣೆಲ್ಲ ಮಂಜು ಮಂಜು. ನನಗೂ ಪೊರೆ ಬಂದಿರಬಹುದೇ ಎಂದು ಅಂದಿನಿಂದ ಚಿಂತೆ!