ನಂಬಿಕೆ ಮೂಡುವವರೆಗೆ

ಕಂಪನಿಯ ವಾಷಿಂಗ್ ಮಷೀನು ಬಟ್ಟೆ ಹಿಂಡುವುದಿಲ್ಲ ಎಂಬುದು ನಿರ್ವಿವಾದ ಸಂಗತಿ. ನೀರು ತುಂಬಿಕೊಳ್ಳುತ್ತದೆ, ಗುರ್‌ಗುಟ್ಟುತ್ತದೆ, ಒಗೆಯುತ್ತದೆ, ಹಿಂಡುವ ಘಟ್ಟ ಬಂದಾಗ ಮೈ ನಡುಗಿಸಿ ನಿಂತುಬಿಡುತ್ತದೆ. ಒಳಗಿನ ಬೆಲ್ಟ್ ಬದಲಿಸಿದರೆ ಸರಿಹೋಗುತ್ತದೆಂದು ಎಂಜಿನಿಯರುಗಳು ವರದಿ ಕೊಟ್ಟಿದ್ದರು. ಬೆಲ್ಟ್ ಬದಲಿಸಿದರೆ ಮಷೀನು ಮಾತ್ರ ಸುಧಾರಿಸುತ್ತದೆ, ಗ್ರಾಹಕರ ನಂಬಿಕೆ ಅಲ್ಲ ಎಂದು ಮನಗಂಡ ಆಡಳಿತ ಮಂಡಳಿಯು ಆ ಹಣವನ್ನು ಮಾರ್ಕೆಟಿಂಗ್ ವಿಭಾಗಕ್ಕೆ ವರ್ಗಾಯಿಸಿತು.

ಮಾರ್ಕೆಟಿಂಗ್ ಮೇಡಂ ಕೂಡಲೇ ‘ಮುಟ್ಟಿ ನೋಡಿ, ನಂಬಿ ನೋಡಿ’ ಅಭಿಯಾನ ಘೋಷಿಸಿದರು. ಜಾಹೀರಾತನ್ನು ಜನ ನೋಡಿ ಮರೆಯುತ್ತಾರೆ, ಅನುಭವವನ್ನು ಮರೆಯುವುದಿಲ್ಲ ಎಂಬುದು ಅವರ ಸಿದ್ಧಾಂತ. ಅದರಂತೆ ಬಸ್ ನಿಲ್ದಾಣದ ಎದುರಿನ ಫುಟ್‌ಪಾತಿನಲ್ಲಿ ಶಾಮಿಯಾನ ಎದ್ದಿತು. ಅದರಡಿ ಒಂದು ಮಷೀನು, ಅದರ ಪಕ್ಕ ಹಳದಿ ಟೋಪಿ ಹಾಕಿದ ಒಬ್ಬ ಪ್ರತಿನಿಧಿ. ಜನ ಅವನನ್ನು ‘ಡೆಮೊ ಅಣ್ಣ’ ಎಂದು ಕರೆಯತೊಡಗಿದರು.

ಮೊದಲ ದಿನವೇ ಒಬ್ಬ ಹೆಂಗಸು ಮನೆಯ ಬೆಡ್‌ಶೀಟು ತಂದು ಹಾಕಿದಳು. ಮಷೀನು ನಡುಗಿ ನಿಂತಿತು. ಡೆಮೊ ಅಣ್ಣ ತೋಳು ಮಡಚಿ ಬೆಡ್‌ಶೀಟನ್ನು ಹೊರಗೆಳೆದು ತಾನೇ ಹಿಂಡಿದ.

“ಇದೇನಪ್ಪಾ, ಹಿಂಡೋದು ನೀನೇನಾ?”

“ಹೌದಮ್ಮಾ. ಈ ಮಾಡೆಲ್‌ನಲ್ಲಿ ಅದನ್ನ ಮನುಷ್ಯರಿಗೇ ಬಿಟ್ಟಿದಾರೆ.”

ಆಕೆ ಹಿಂಡಿದ ಬೆಡ್‌ಶೀಟನ್ನು ಮುಟ್ಟಿ ನೋಡಿದಳು. “ಕೊಡವಿ, ಹಗ್ಗಕ್ಕೂ ಹಾಕ್ತೀಯಾ?”

“ಹಾಕ್ತೀನಿ.”

“ಮತ್ತೆ ಇಷ್ಟು ದಿನ ಎಲ್ಲಿದ್ದೆ?” ಎಂದಳು ಆಕೆ.

ಆ ವಾರದ ಸಮೀಕ್ಷೆಯಲ್ಲಿ ಗ್ರಾಹಕರ ನಂಬಿಕೆ ಕಂಪನಿಯ ಇತಿಹಾಸದಲ್ಲೇ ಇಲ್ಲದಷ್ಟು ಮೇಲೇರಿತು. ಯಾರ ಮೇಲಿನ ನಂಬಿಕೆ ಎಂಬ ಪ್ರಶ್ನೆ ಸಮೀಕ್ಷೆಯಲ್ಲಿ ಇರಲಿಲ್ಲ. ಮಷೀನು ಹೊರುವುದು ಕಷ್ಟವೆಂದು ಪ್ರತಿನಿಧಿಗಳನ್ನಷ್ಟೇ ಕಳಿಸಿ, ಅಭಿಯಾನವನ್ನು ಮನೆಮನೆಗೆ ವಿಸ್ತರಿಸಲಾಯಿತು. ಹೊಸ ನಿಯಮಾವಳಿಯೂ ಬಂತು: ಪ್ರತಿನಿಧಿಯು ಗ್ರಾಹಕರ ಕುಶಲ ವಿಚಾರಿಸತಕ್ಕದ್ದು. ಉತ್ತರ ಮುಗಿಯುವವರೆಗೆ ಮೊಬೈಲ್ ನೋಡತಕ್ಕದ್ದಲ್ಲ. ನಂಬಿಕೆ ಮೂಡುವವರೆಗೆ ಪ್ರಾತ್ಯಕ್ಷಿಕೆ ಮುಂದುವರಿಯತಕ್ಕದ್ದು, ಮೂಡಿತೋ ಇಲ್ಲವೋ ಎಂದು ಹೇಳುವ ಹಕ್ಕು ಗ್ರಾಹಕರದ್ದು.

ಡೆಮೊ ಅಣ್ಣನ ಹೆಂಡತಿ ಮನೆಯಲ್ಲೇ ಶಾಲೆಯ ಯೂನಿಫಾರ್ಮ್ ಹೊಲಿಯುವವಳು. ಈ ನಿಯಮಾವಳಿಯನ್ನು ಪತ್ರಿಕೆಯೊಳಗೆ ಬಂದ ಕರಪತ್ರದಲ್ಲಿ ಓದಿ, ಯಾರಿಗೂ ಹೇಳದೆ ಹೆಸರು ನೋಂದಾಯಿಸಿದಳು. ಬಡಾವಣೆವಾರು ಹಂಚಿಕೆಯಲ್ಲಿ ಆ ಮನೆ ಡೆಮೊ ಅಣ್ಣನ ಪಾಲಿಗೇ ಬಂತು.

“ಮೇಡಂ, ಇದು ನನ್ನ ಮನೇನೇ,” ಎಂದು ಅವನು ಅಲವತ್ತುಕೊಂಡ.

“ಅದಕ್ಕೂ ನಿಯಮ ಇದೆ,” ಎಂದರು ಮೇಡಂ. “ಸಂಬಂಧಿಕರ ಮನೆಯಾದಲ್ಲಿ, ಕರ್ತವ್ಯದ ಅವಧಿಯಲ್ಲಿ ಸಂಬಂಧವನ್ನು ಅಮಾನತಿನಲ್ಲಿಡತಕ್ಕದ್ದು. ಆಗಲ್ಲ ಅಂದ್ರೆ ಹೇಳಿ, ಬೇರೆಯವರು ಕಾಯ್ತಿದಾರೆ. ನಿಮ್ಮ ಮನೆಗೂ, ನಿಮ್ಮ ಕೆಲಸಕ್ಕೂ.”

ಮರುದಿನ ಬೆಳಿಗ್ಗೆ ಅವನು ಟೋಪಿ ಹಾಕಿಕೊಂಡು ತನ್ನ ಮನೆಯ ಬೆಲ್ ಒತ್ತಿದ. ಮಗಳು ಬಾಗಿಲು ತೆಗೆದು, “ಅಮ್ಮಾ, ಅಪ್ಪ ಯಾಕೋ ಬೆಲ್ ಹೊಡೀತಿದಾರೆ!” ಎಂದು ಕೂಗಿದಳು.

“ನಮಸ್ಕಾರ ಗ್ರಾಹಕರೇ,” ಎಂದ ಡೆಮೊ ಅಣ್ಣ.

“ಚಪ್ಪಲಿ ಆಚೆ ಬಿಡಿ,” ಎಂದಳು ಗ್ರಾಹಕಿ.

ಅವನು ಬಿಟ್ಟ. ಬಕೆಟಿನಲ್ಲಿದ್ದ ಬಟ್ಟೆ ಒಗೆದು, ಹಿಂಡಿ, ಟೆರೇಸಿನ ಹಗ್ಗದಲ್ಲಿ ಸಾಲಾಗಿ ಹರವಿ ಬಂದ. ನಂತರ ನಿಯಮದಂತೆ ಸ್ಟೂಲಿನ ಮೇಲೆ ಕೂತು, “ತಾವು ಹೇಗಿದ್ದೀರಿ?” ಎಂದು ಕೇಳಿದ.

ಹೊಲಿಗೆ ಯಂತ್ರದ ಸದ್ದು ನಿಂತಿತು. ಆಕೆ ಕೈಯಲ್ಲಿದ್ದ ಕಾಲರಿನ ತುಂಡನ್ನು ಬದಿಗಿಟ್ಟಳು. ಆಮೇಲೆ ಹೇಳತೊಡಗಿದಳು. ಬಲಭುಜ ಎತ್ತಲು ಆಗುತ್ತಿಲ್ಲ. ಡಾಕ್ಟರು ಹೊಲಿಗೆ ಕಡಿಮೆ ಮಾಡಿ ಅಂದಿದ್ದಾರೆ. ಕಡಿಮೆ ಮಾಡಿದರೆ ಶಾಲೆಯವರು ಬೇರೆಯವರಿಗೆ ಕೊಡುತ್ತಾರೆ. ಹಾಗಾಗಿ ಎಡಗೈಯಲ್ಲಿ ಕತ್ತರಿಸುವುದನ್ನು ಕಲಿಯುತ್ತಿದ್ದಾಳೆ. ಅವನ ಜೇಬಿನಲ್ಲಿ ಮೊಬೈಲು ಒದರುತ್ತಲೇ ಇತ್ತು. ತೆಗೆಯಲಿಲ್ಲ. ನಿಯಮವಿತ್ತು, ಆದರೆ ಆಗ ಅವನಿಗೆ ಆ ನಿಯಮ ನೆನಪೇ ಇರಲಿಲ್ಲ.

“ನನಗೆ ಯಾಕೆ ಹೇಳಲಿಲ್ಲ?” ಎಂದ.

“ನೀವು ಇವತ್ತು ತಾನೇ ಬಂದಿದ್ದು,” ಎಂದಳು ಆಕೆ.

ಸಂಜೆ ಕರ್ತವ್ಯ ಮುಗಿಯಿತು. ಡೆಮೊ ಅಣ್ಣ ಟೋಪಿ ತೆಗೆದು, ಸೋಫಾದ ಮೇಲೆ ಕಾಲು ಚಾಚಿ, ಟಿ.ವಿ. ಹಚ್ಚಿ, “ಒಂದು ಕಾಫಿ!” ಎಂದು ಕೂಗಿದ.

ಹೆಂಡತಿ ಕರಪತ್ರದಲ್ಲಿದ್ದ ಉಚಿತ ಸಹಾಯವಾಣಿಗೆ ಫೋನ್ ಮಾಡಿ, ಪ್ರತಿನಿಧಿ ಅರ್ಧಕ್ಕೇ ಎದ್ದು ಹೋಗಿದ್ದಾರೆ, ಅವರ ಜಾಗದಲ್ಲಿ ಬೇರೆ ಯಾರೋ ಬಂದು ಕೂತಿದ್ದಾರೆ ಎಂದು ದೂರು ಕೊಟ್ಟಳು.

ದೂರನ್ನು ಕಂಪನಿ ಗಂಭೀರವಾಗಿ ಪರಿಗಣಿಸಿತು. ಮೇಡಂ ಸ್ವತಃ ಸ್ಥಳ ಪರಿಶೀಲನೆಗೆ ಬಂದರು.

“ಸೋಫಾ ಮೇಲೆ ಇರೋರು ನಿಮಗೆ ಗೊತ್ತಾ?”

“ಪರಿಚಯ ಇದೆ,” ಎಂದಳು ಹೆಂಡತಿ. “ನಂಬಿಕೆ ಅಂತ ಹೇಳೋಕಾಗಲ್ಲ.”

“ಮತ್ತೆ ಪ್ರತಿನಿಧಿ?”

“ಅವರು ಒಳ್ಳೆಯವರು. ಆದ್ರೆ ಇನ್ನೂ ಪೂರ್ತಿ ನಂಬಿಕೆ ಮೂಡಿಲ್ಲ. ಮುಂದುವರಿಸಿ.”

ಮೇಡಂ ಸೋಫಾದತ್ತ ನೋಡಿ, ವರದಿಯಲ್ಲಿ ‘ಮನೆಯಲ್ಲಿ ಹಳೆಯ ಪ್ರತಿಸ್ಪರ್ಧಿ ಬ್ರಾಂಡ್ ಇದೆ, ಸರ್ವಿಸ್ ಸರಿಯಿಲ್ಲ’ ಎಂದು ಬರೆದುಕೊಂಡರು. ಡೆಮೊ ಅಣ್ಣನನ್ನು ಅದೇ ಮನೆಗೆ, ಬೆಳಗಿನಿಂದ ಮಲಗುವವರೆಗೆ, ಮುಂದಿನ ಆದೇಶದವರೆಗೆ ನಿಯೋಜಿಸಲಾಯಿತು.

ಸುದ್ದಿ ಹಬ್ಬಿತು. ಅಕ್ಕಪಕ್ಕದ ಬೀದಿಗಳಿಂದ ಅರ್ಜಿಗಳು ಬಂದವು. ಬಹುತೇಕ ಹೆಂಗಸರು ತಮ್ಮ ಗಂಡಂದಿರನ್ನೇ ಪ್ರತಿನಿಧಿಯಾಗಿ ನೇಮಿಸಿ ಎಂದು ಕೋರಿದ್ದರು. ಕೆಲವರು ಬೇರೆ ಯಾರಾದರೂ ಆದೀತು ಎಂದು ಸ್ಪಷ್ಟಪಡಿಸಿದ್ದರು. ಕಂಪನಿ ನೇಮಕಾತಿಗೆ ತರಬೇತಿ ಶುಲ್ಕ, ಟೋಪಿಗೆ ಠೇವಣಿ ನಿಗದಿ ಮಾಡಿತು. ಲಾಭ ಬಂದದ್ದೇ ತಡ, ಮಷೀನು ತಯಾರಿಸುವುದನ್ನು ನಿಲ್ಲಿಸಲಾಯಿತು. ಈ ಬಗ್ಗೆ ಗ್ರಾಹಕರು ಯಾರೂ ವಿಚಾರಿಸಿಲ್ಲ.

ಡೆಮೊ ಅಣ್ಣ ಕ್ರಮೇಣ ಅಡುಗೆಮನೆಯ ಡಬ್ಬಗಳಲ್ಲಿ ಏನೇನಿದೆ ಎಂದು ಕಲಿತ, ಗುಂಡಿ ಹೊಲಿಯುವುದನ್ನು ಕಲಿತ. ಹೆಂಡತಿಯ ಭುಜದ ನೋವು ಕೊಂಚ ಕಡಿಮೆಯಾಯಿತು. ಒಂದು ದಿನ ಅವನು ಮೇಡಂ ಬಳಿ ಹೋಗಿ, ಒಂದು ಭಾನುವಾರ ಗಂಡನಾಗಿ ಮನೆಗೆ ಹೋಗಲು ರಜೆ ಕೇಳಿದ. ಗ್ರಾಹಕರ ಒಪ್ಪಿಗೆ ಬೇಕೆಂದರು.

“ಯಾಕೆ ರಜೆ?” ಎಂದಳು ಹೆಂಡತಿ.

“ನಿನ್ನ ಕರ್ಕೊಂಡು ಎಲ್ಲಾದ್ರೂ ಹೋಗಿ ಬರೋಣ ಅಂತ. ಗ್ರಾಹಕರ ಜತೆ ಹೊರಗೆ ಓಡಾಡೋ ಹಾಗಿಲ್ಲ.”

ಆಕೆ ಅರ್ಧ ದಿನ ಮಂಜೂರು ಮಾಡಿದಳು.

ಆ ಭಾನುವಾರ ಕೆಲಸ ನಿಲ್ಲಬಾರದೆಂದು ಕಂಪನಿ ಬದಲಿ ಪ್ರತಿನಿಧಿಯನ್ನು ಕಳಿಸಿತು. ಅವನು ಒದ್ದೆ ಪರದೆ ಹಿಂಡುತ್ತಿದ್ದಾಗ ಗಂಡ ಹೆಂಡತಿ ಹೊರಟು ನಿಂತರು.

“ಗ್ರಾಹಕರೇ, ಒಂದು ನಿಮಿಷ,” ಎಂದು ಅವನು ಕೈ ಒರೆಸಿಕೊಂಡು ಬಂದ. “ಇವರು ಯಾರು ಅಂತ ಬರ್ಕೊಳ್ಳಲಿ?”

“ನಮ್ಮನೆಯವರು.”

“ನಂಬಬಹುದಾ?”

ಹೆಂಡತಿ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲನ್ನು ತೆರೆದು ಹಿಡಿದು ನಿಂತಿದ್ದ.

“ಸಂಜೆ ಬಂದು ಹೇಳ್ತೀನಿ,” ಎಂದಳು.

ಬದಲಿ ಪ್ರತಿನಿಧಿ ‘ಪರಿಶೀಲನೆಯಲ್ಲಿದೆ’ ಎಂದು ನಮೂದಿಸಿ, ಪರದೆ ಹರವಲು ಟೆರೇಸಿಗೆ ಹೋದ.