ದೊಡ್ಡಪ್ಪ ನೆಲಕ್ಕಿಳಿಸಿದ ನಕಾಶೆ

ನಾನು ನಾಲ್ಕನೆಯ ಇಯತ್ತೆ ಪಾಸಾಗುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ನಮ್ಮೂರು ತಿಕೋಟಾಕ್ಕೆಲ್ಲ ಸಾರಿದವರು ನಮ್ಮ ದೊಡ್ಡಪ್ಪ. ಇಂದು ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಳ್ಳುತ್ತೇನೆ, ನಮ್ಮ ಮನೆತನದಲ್ಲಿ ನಾನೇ ಮೊದಲಿಗ. ಅದಕ್ಕೆ ಕಾರಣರೂ ಅವರೇ! ಬೇಕೆಂದು ಮಾಡಿದ್ದಲ್ಲ, ತಡೆಯಲಾಗದೆ ಮಾಡಿದ್ದು.

ಕುರಿ ಕಾಯುವ ದೊಡ್ಡಪ್ಪನಿಗೆ ಎಡ-ಬಲ ಎಂಬುದೇ ಇರಲಿಲ್ಲ. ಇದ್ದದ್ದು ಮೂಡಲ, ಪಡುವಲ, ತೆಂಕಲ, ಬಡಗಲ, ಅಷ್ಟೇ. ಊಟಕ್ಕೆ ಕೂತರೆ, "ಉಳ್ಳಾಗಡ್ಡಿ ಸ್ವಲ್ಪ ಬಡಗಲಕ್ಕ ಸರಸು." ಬೆನ್ನು ತುರಿಸಿದರೆ, "ಪಡುವಲ ಕಡಿ ಕೆರಿ." ದೊಡ್ಡವ್ವ ಕೈ ಹಾಕುವಷ್ಟರಲ್ಲಿ ಇವರು ತಿರುಗಿ ಕೂತಿರುತ್ತಿದ್ದರು. "ಈಗ ಮೂಡಲಕ್ಕ ಬಂತು ನೋಡು!"

"ಒಂದ ಕಡಿ ಕುಂದರ್ರಿ! ನಿಮ್ಮ ತುರಿಕಿ ಹಿಂದ ನಾ ಊರೂರು ತಿರಗ್ಲೇನು?"

ಅಪ್ಪನಿಲ್ಲದ ನನ್ನನ್ನು ಸಾಕಿದವರು ಇವರೇ, ಮನೆಯಲ್ಲಿ ನಡೆಯುವ ಮಾತೂ ಇವರದೇ. ನಪಾಸಾದರೆ ಮರುದಿನದಿಂದ ಕುರಿ ಹಿಂದೆ!

ಸ್ವಾತಂತ್ರ್ಯಕ್ಕೆ ಇನ್ನೂ ಎರಡು-ಮೂರು ವರ್ಷ ಬಾಕಿ. ಪರೀಕ್ಷೆಗೆ ತಪಾಸಣೆಯ ಸಾಹೇಬರು ಬಂದು ನಮ್ಮ ಮಾಸ್ತರರ ಪಕ್ಕ ಕೂತರು. ನಪಾಸಾದೊಡನೆ ನನ್ನನ್ನು ಕರೆದೊಯ್ಯಲು ದೊಡ್ಡಪ್ಪ ಶಾಲೆಯ ಬಾಗಿಲಲ್ಲೇ ತಯಾರಾಗಿ ನಿಂತಿದ್ದರು. ದಕ್ಷಿಣದ ಗೋಡೆಗೆ ಜಿಲ್ಲೆಯ ನಕಾಶೆ ತೂಗುಹಾಕಿದ್ದರು.

"ವಿಜಾಪುರ ಯಾವ ಕಡೆ? ಕೈಮಾಡಿ ತೋರಿಸು," ಎಂದರು ಸಾಹೇಬರು.

ನಕಾಶೆಯಲ್ಲಿ ತಿಕೋಟಾದ ಬಲಕ್ಕೆ ವಿಜಾಪುರ. ನಕಾಶೆಗೆ ಮುಖ ಮಾಡಿ ನಿಂತಲ್ಲೇ ಬಲಗೈ ಚಾಚಿದೆ.

"ಬಬಲೇಶ್ವರ?"

ಅದು ಕೆಳಗಿತ್ತು. ನೆಲ ತೋರಿಸಿದೆ.

ನಪಾಸು ಎಂದು ಬರೆಯಲು ಸಾಹೇಬರು ಲೇಖನಿ ಎತ್ತಿದರು. ದೊಡ್ಡಪ್ಪ ಗೆದ್ದಿದ್ದರು! ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಊರೊಂದು ತಪ್ಪು ದಿಕ್ಕಿಗೆ ಹೋಗುವುದನ್ನು ನೋಡಿಕೊಂಡು ಸುಮ್ಮನಿರುವ ಜೀವವೇ ಅದು?

"ಲೇ, ಮೂಡಲದ ವಿಜಾಪುರ ಕೇಳಿದ್ರ ಪಡುವಲದ ಅಥಣಿ ಕಡಿ ಕೈ ಮಾಡ್ತೀಯಲ್ಲೋ! ಬಬಲೇಶ್ವರ ಬಾವ್ಯಾಗ ಐತೇನು?" ಎಂದವರೇ ಒಳಗೆ ನುಗ್ಗಿದರು. "ಮಾಸ್ತರ್ರ, ತಪ್ಪು ಹುಡುಗಂದಲ್ರಿ. ಊರು ನೆಲದ ಮ್ಯಾಲ ಇರ್ತಾವು. ಗ್ವಾಡಿ ಹತ್ತಾಕ ಅವೇನು ಹಲ್ಲಿ ಏನ್ರಿ?"

ಯಾರನ್ನೂ ಕೇಳದೆ ನಕಾಶೆ ಇಳಿಸಿ ನೆಲಕ್ಕೆ ಹಾಸಿದರು. "ಇದರಾಗ ಬಡಗಲ ಯಾವ ಅಂಚ್ರಿ?" ಮಾಸ್ತರರು ತೋರಿಸಿದ ಅಂಚನ್ನು ನಿಜವಾದ ಉತ್ತರಕ್ಕೆ ತಿರುಗಿಸಿದರು. "ತಿಕೋಟಾದ ಮ್ಯಾಲ ಬಟ್ಟಿಡು. ಈಗ ಹೇಳು, ಮಗನ."

ಬೆರಳಿಟ್ಟೆ. ಅಬ್ಬಾ! ನಕಾಶೆಯ ವಿಜಾಪುರ ನಿಜವಾದ ವಿಜಾಪುರದ ಕಡೆಗೇ ಇತ್ತು! ಬಬಲೇಶ್ವರಕ್ಕೆ ತಪ್ಪದೆ ತೆಂಕಲ ತೋರಿಸಿದೆ. ಸಾಹೇಬರು ನಗುತ್ತಲೇ ಪಾಸು ಮಾಡಿದರು. ತಾವು ಸೋತದ್ದು ದೊಡ್ಡಪ್ಪನಿಗೆ ಹೊಳೆದದ್ದು ಮನೆ ಮುಟ್ಟಿದ ಮೇಲೆ!

ಮುಂದೆ ಭೂಗೋಳದ ದಪ್ಪ ಪುಸ್ತಕಗಳನ್ನು ಕಷ್ಟಪಟ್ಟು ಓದಿದೆ. ಎಳೆಯ ಮಕ್ಕಳಿಗೆ ತಾವು ನಿಂತ ನೆಲದಿಂದಲೇ ಲೋಕ ಶುರುವಾಗಬೇಕು ಎಂಬುದನ್ನು ಅಷ್ಟು ನೇರವಾಗಿ ಯಾವ ಪುಸ್ತಕವೂ ನನಗೆ ಹೇಳಲಿಲ್ಲ.

ಆ ಪರೀಕ್ಷೆಯಾದ ಎಂಟು ದಿನಗಳ ಮೇಲೆ ಮಾಸ್ತರರು ಪಾಸಾದ ದಾಖಲೆಯನ್ನು ದೊಡ್ಡಪ್ಪನ ಕೈಗೇ ಕೊಟ್ಟರು. ಕೈಯನ್ನು ಧೋತರಕ್ಕೆ ಎರಡು ಸಲ ಒರೆಸಿಕೊಂಡು ತೆಗೆದುಕೊಂಡರು. ಬಹಳ ಹೊತ್ತು ಅದನ್ನೇ ನೋಡಿದರು. ಓದಲು ಬರುತ್ತಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು:

"ಮಾಸ್ತರ್ರ, ಕುರಿ ನಾ ನೋಡ್ಕೋತೀನಿ. ವಿಜಾಪುರದಾಗ ಕುರಿ ಸಂತಿ ಗೊತ್ತೈತ್ರಿ, ದೊಡ್ಡ ಸಾಲಿ ಎಲ್ಲೈತೋ ಗೊತ್ತಿಲ್ಲ. ನೀವು ಹೇಳ್ರಿ, ನಾ ಇವನ್ನ ಮುಟ್ಟಿಸಿ ಬರ್ತೀನಿ."